ಅಳಿಯ ಕೇಳಿದ ಮುನ್ನೂರು ಫಣಿ

ಬ್ಯಾಡಗಿಯಲ್ಲಿ ಏಪ್ರಿಲ್ ಬಿಸಿಲಿಗೆ ನಾಯಿಗಳೂ ಗಟಾರ ಹುಡುಕಿಕೊಂಡು ಹೋಗಿ ಮಲಗುತ್ತವೆ. ಅಂಥ ಬಿಸಿಲಿನಲ್ಲಿ ಉಣ್ಣೆಯ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹಾದಂಗಡಿಗೆ ಬರುವ ಮನುಷ್ಯ ಇಡೀ ಊರಿಗೆ ಒಬ್ಬನೇ. ಹೊಸದಾಗಿ ಬಂದ ಲಾರಿ ಡ್ರೈವರುಗಳು ಪಾಪ, ಜ್ವರ ಬಂದಿರಬೇಕು ಎಂದು ಸರಿದು ಜಾಗ ಬಿಡುತ್ತಾರೆ. ಜ್ವರವೂ ಇಲ್ಲ, ತಲೆಯೂ ಕೆಟ್ಟಿಲ್ಲ. ಪ್ರಭುಲಿಂಗಪ್ಪ ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವವನು. ಒಳಗೆ ಮಾಗಿಯ ಚಳಿ, ಹೊರಗೆ ಬೆಂಕಿ. ದಿನವಿಡೀ ಒಳಗೆ ಹೊರಗೆ ಓಡಾಡುವವನು ಸ್ವೆಟರ್ ಬಿಚ್ಚುತ್ತ ಹಾಕುತ್ತ ಕೂತರೆ ಯಂತ್ರ ನೋಡುವವರು ಯಾರು?

ಐವತ್ತು ದಾಟಿದ ಈ ಮನುಷ್ಯನಿಗೆ ಊರಲ್ಲಿ ಒಳ್ಳೆಯ ಹೆಸರಿದೆ. ಸ್ವಂತದ್ದೊಂದು ಮನೆ, ಮಗಳ ಮದುವೆ ಮುಗಿದಿದೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ. ಇಂಥವನಿಗೆ ಜೀವನದಲ್ಲಿ ಏನು ಕೊರತೆ ಎಂದು ಯಾರಾದರೂ ಕೇಳಿದರೆ ಅವನು ಹೇಳುವುದಿಲ್ಲ, ಹೇಳಿದರೆ ನಗುತ್ತಾರೆ. ಅವನಿಗಿದ್ದ ಕೊರತೆ ಒಂದೇ: ಅವನನ್ನು ಯಾರೂ ಸರಿಯಾಗಿ ಬೈದಿರಲಿಲ್ಲ.

ನಗುವವರು ನಗಲಿ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಕರ್ಜಗಿಯ ಸೋದರಮಾವ ಕರೆದೊಯ್ದು ಸಾಕಿದ. ಮಾವನ ಹೆಂಡತಿ ತುಂಬ ಒಳ್ಳೆಯವಳು, ತೊಂದರೆಯಾದದ್ದೇ ಅದರಿಂದ. ಅವಳ ಮಕ್ಕಳು ಅಡುಗೆಮನೆಯಲ್ಲಿ ಬೆಲ್ಲ ಕದ್ದರೆ ಸಟ್ಟುಗದಿಂದ ಬೆನ್ನಿಗೆ ಬೀಳುತ್ತಿತ್ತು. ಅವರ ಜೊತೆಗೇ ಕದ್ದು ಸಿಕ್ಕಿಬಿದ್ದ ಪ್ರಭುಲಿಂಗಪ್ಪನಿಗೆ ಮಾತ್ರ, "ತಾಯಿಲ್ಲದ ಕೂಸು, ತಿನ್ಲಿ ಬಿಡು" ಎಂದು ಇನ್ನೊಂದು ಹೆಂಟೆ ಸಿಗುತ್ತಿತ್ತು. ಪೆಟ್ಟು ತಿಂದವರು ಹಿತ್ತಲಲ್ಲಿ ಒಬ್ಬರ ಬೆನ್ನು ಒಬ್ಬರು ತಿಕ್ಕಿಕೊಳ್ಳುತ್ತ ನಗುತ್ತಿದ್ದರು. ಇವನು ಕೈಯಲ್ಲಿ ಬೆಲ್ಲ ಹಿಡಿದುಕೊಂಡು ಒಬ್ಬನೇ ನಿಲ್ಲುತ್ತಿದ್ದ. ಆ ಮನೆಯಲ್ಲಿ ಹದಿನೆಂಟು ವರ್ಷ ಉಂಡರೂ ಅವನು ನೆಂಟನಾಗಿಯೇ ಉಳಿದ.

ಆಮೇಲೆ ಮದುವೆಯಾಯಿತು. ಹೆಣ್ಣು ರಾಣೇಬೆನ್ನೂರು ತಾಲೂಕಿನ ಮೇಡ್ಲೇರಿಯ ಪುಷ್ಪಲತಾ. ಹೊಳೆದಂಡೆಯ ನೀರಾವರಿ ಹೊಲದ ಮನೆ, ತುಂಬಿದ ಮನೆ. ಆ ಮನೆಯ ಯಜಮಾನಿ, ಅಂದರೆ ಅವನ ಅತ್ತೆ ಫಕ್ಕೀರವ್ವ, ಬೈಗುಳಕ್ಕೆ ಸುತ್ತ ನಾಲ್ಕು ಊರಿಗೆ ಹೆಸರಾದವಳು. ಅವಳು ಪಡಸಾಲೆಯಲ್ಲಿ ನಿಂತು ಬಾಯಿ ಮಾಡಿದರೆ ಹೊಲದಲ್ಲಿ ಎತ್ತುಗಳು ಹೆಜ್ಜೆ ತಿದ್ದಿಕೊಳ್ಳುತ್ತವೆ ಎನ್ನುತ್ತಾರೆ. ಮಗ ರುದ್ರಮುನಿ ಗ್ರಾಮ ಪಂಚಾಯಿತಿ ಸದಸ್ಯ, ಊರಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡುವ ಆಸಾಮಿ. ಅವನೂ ಚಪ್ಪಲಿ ಬಿಡುವ ಜಾಗ ತಪ್ಪಿದರೆ ಬೈಸಿಕೊಳ್ಳುತ್ತಾನೆ. ಬೈಸಿಕೊಂಡವರೆಲ್ಲ ಅಡುಗೆಮನೆಯಲ್ಲಿ ಅವಳ ಸುತ್ತಲೇ ಕೂತು ರೊಟ್ಟಿ ಮುರಿಯುತ್ತಾರೆ.

ಪ್ರಭುಲಿಂಗಪ್ಪ ಹೋದಾಗ ಮಾತ್ರ ಆ ಮನೆ ಗುಡಿಯಂತಾಗುತ್ತದೆ. ಕಾಲಿಗೆ ನೀರು, ಕೂಡಲು ಗಾದಿ, ಹೋಳಿಗೆ ಮುಳುಗುವಷ್ಟು ತುಪ್ಪ. ಅತ್ತೆ ಅಳಿಯನ ಎದುರು ನಿಂತು ಮಾತಾಡಬಾರದು ಎನ್ನುವ ಹಳೆಯ ಪದ್ಧತಿ ಆ ಮನೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಫಕ್ಕೀರವ್ವ ಸೆರಗು ಹೊದ್ದು ಬಾಗಿಲ ಮರೆಗೆ ನಿಂತು, "ಅಳಿಯಂದ್ರಿಗೆ ಇನ್ನೊಂದ ಹೋಳಿಗಿ ಹಾಕಂತ ಹೇಳು" ಎಂದು ಮಗನಿಗೆ ಪಿಸುಗುಡುತ್ತಾಳೆ. ಎತ್ತು ಬೆದರಿಸುವ ಗಂಟಲು ಇವನಿಗಾಗಿ ಇಲಿಯಾಗುತ್ತದೆ. ಒಮ್ಮೆ, ಏನಾದರಾಗಲಿ ಎಂದು, ಅವನು ಉಪ್ಪಿನಕಾಯಿ ಭರಣಿಯನ್ನು ಬೇಕೆಂದೇ ಕೈಜಾರಿಸಿದ. ವರ್ಷದ ಉಪ್ಪಿನಕಾಯಿ ನೆಲದ ಪಾಲಾಯಿತು. ಇವತ್ತು ಗ್ಯಾರಂಟಿ ಎಂದು ಕಣ್ಣು ಮುಚ್ಚಿ ನಿಂತರೆ, ಬಾಗಿಲ ಮರೆಯಿಂದ "ಹೋಗ್ಲಿ ಬಿಡ್ರಿ, ಹಳೇದಿತ್ತು" ಎಂಬ ಸಣ್ಣ ಧ್ವನಿ ಬಂತು. ಬೈಗುಳ ಬಿದ್ದದ್ದು ಭರಣಿಯನ್ನು ಅಳಿಯನ ಕೈಗೆ ಎಟುಕುವಂತೆ ಇಟ್ಟ ರುದ್ರಮುನಿಗೆ.

ಹೆಂಡತಿ ಪುಷ್ಪಲತಾ ದಿನವೂ ಬೈಯುತ್ತಾಳೆ, ಇಲ್ಲವೆನ್ನುವಂತಿಲ್ಲ. ಆದರೆ ಹೆಂಡತಿಯ ಬೈಗುಳ ಎಲ್ಲ ಗಂಡಂದಿರಿಗೂ ಸಿಗುವ ರೇಷನ್. ತಾಯಿ ಬೈಗುಳದ ರುಚಿ ಬೇರೆ, ಅದನ್ನು ತಿಂದವರೇ ಬಲ್ಲರು. ತಿನ್ನದವನು ಅದಕ್ಕಾಗಿ ಹಂಬಲಿಸುತ್ತಾನೆ.

ಅವನ ಈ ಹಸಿವು ಸ್ವಲ್ಪವಾದರೂ ತಣಿಯುತ್ತಿದ್ದದ್ದು ರವಿವಾರ. ಪೇಟೆ ಬಂದ್ ಇರುವ ದಿನ ಬ್ಯಾಡಗಿಯ ಒಂದಷ್ಟು ನಡುವಯಸ್ಸಿನ ಗಂಡಸರು ಖಾಲಿ ಬಯಲಿನಲ್ಲಿ ಸೇರಿ ಚಿಣಿಫಣಿ ಆಡುತ್ತಾರೆ. ಚಿಕ್ಕವರಿದ್ದಾಗ ಎಲ್ಲರೂ ಆಡಿ ಬಿಟ್ಟ ಆಟ. ಇವರು ಬಿಟ್ಟಿಲ್ಲ, ಸಂಘ ಕಟ್ಟಿಕೊಂಡಿದ್ದಾರೆ. ಎರಡೂ ತುದಿ ಚೂಪು ಮಾಡಿದ ಗೇಣುದ್ದದ ಕಟ್ಟಿಗೆ ತುಂಡು ಚಿಣಿ, ಮೊಳದುದ್ದದ ಕೋಲು ಫಣಿ. ನೆಲದ ತೆಗ್ಗಿನ ಹತ್ತಿರ ಚಿಣಿಯ ತುದಿಗೆ ಫಣಿಯಿಂದ ಕುಟ್ಟಿ ಎಗರಿಸಿ, ಎಗರಿದ್ದನ್ನು ಗಾಳಿಯಲ್ಲೇ ಬಾರಿಸಬೇಕು. ಎದುರಿನವರು ಹಿಡಿದರೆ ಔಟ್. ಹಿಡಿಯದಿದ್ದರೆ, ತೆಗ್ಗಿನಿಂದ ಚಿಣಿ ಬಿದ್ದ ಜಾಗಕ್ಕೆ ಎಷ್ಟು ಫಣಿ ದೂರ ಎಂದು ಕಣ್ಣಳತೆಯಲ್ಲೇ ಅಂದಾಜು ಮಾಡಿ ಹೊಡೆದವನು ಕೇಳಬೇಕು. ಎದುರಿನವರು "ಕೊಟ್ವಿ" ಅಂದರೆ ಅಷ್ಟೂ ಅವನವು. "ಅಳಿ" ಅಂದರೆ ಫಣಿ ಇಟ್ಟು ಅಳೆಯಬೇಕು. ಅಳೆದಾಗ ಕೇಳಿದ್ದಕ್ಕಿಂತ ಒಂದು ಕಡಿಮೆ ಬಂದರೂ ಅಲ್ಲಿಯವರೆಗೆ ಅವನು ಗಳಿಸಿದ್ದೆಲ್ಲ ನೀರುಪಾಲು, ಮೇಲೆ ಔಟ್.

ಈ ಕೇಳುವುದು ಅಳೆಯುವುದರಲ್ಲೇ ಆಟದ ಜೀವ ಇರುವುದು. "ಅಷ್ಟೆಲ್ಲಿ ಐತಲೇ, ಕಣ್ಣಿಗೆ ಪರದೆ ಬಂದೈತೇನು" ಎಂದು ಒಬ್ಬ, "ಅಳೀಲೇ ಧಮ್ ಇದ್ರ" ಎಂದು ಇನ್ನೊಬ್ಬ. ಜಗಳವಿಲ್ಲದ ಚಿಣಿಫಣಿ ಉಪ್ಪಿಲ್ಲದ ಸಾರು. ಆ ಕೂಗಾಟದ ನಡುವೆ ಪ್ರಭುಲಿಂಗಪ್ಪ ಸ್ವೆಟರ್ ಇಲ್ಲದೆ, ಬೆವರು ಸುರಿಸುತ್ತ, ಎಲ್ಲರಂತೆ ಬೈಸಿಕೊಳ್ಳುತ್ತ ಸುಖವಾಗಿರುತ್ತಿದ್ದ.

ಸಂಘದವರು ವರ್ಷಕ್ಕೊಮ್ಮೆ ಪರಊರಿಗೆ ಹೋಗಿ ಆಡಿ ಬರುತ್ತಾರೆ. ಗೆದ್ದವರಿಗೆ ಒಂದು ಹಿತ್ತಾಳೆ ಚೊಂಬು. ಯುಗಾದಿ ಮುಗಿದ ಮೇಲೆ ಸಂಘದ ಮುಖಂಡ ಅಶ್ಫಾಕ ಚಹಾದಂಗಡಿಯಲ್ಲಿ ಸುದ್ದಿ ಹೇಳಿದ. ಅಶ್ಫಾಕನದು ಚೀಲ ಹೊಲಿಯುವ ದಾರದ ಅಂಗಡಿ. ಮನುಷ್ಯನೂ ದಾರದ ಹಾಗೆಯೇ, ತೆಳ್ಳಗೆ, ಗಟ್ಟಿ.

"ಈ ಸಲ ಮೇಡ್ಲೇರಿ. ಮೂರ ಸಲ ಅವರ ಮುಂದ ಮಣ್ಣ ಮುಕ್ಕೇವಿ. ಈ ಸಲ ಚೊಂಬು ಬ್ಯಾಡಗಿಗೆ ಬರಬೇಕು" ಎಂದ.

ಮೇಡ್ಲೇರಿ ಎಂಬ ಹೆಸರು ಕೇಳಿ ಪ್ರಭುಲಿಂಗಪ್ಪನ ಬಾಯಲ್ಲಿದ್ದ ಚಹಾ ಬಾಯಲ್ಲೇ ಉಳಿಯಿತು. ಮೇಡ್ಲೇರಿ ತಂಡದ ಮುಖಂಡ ಅವನ ಹೆಂಡತಿಯ ತಮ್ಮ ರುದ್ರಮುನಿಯೇ. ಆಟ ನಡೆಯುವುದು ಫಕ್ಕೀರವ್ವನ ಹೊಲದಲ್ಲೇ.

ಆವತ್ತು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ, "ನಿನ್ನ ತಮ್ಮಗ ಒಂದ ಮಾತ ಹೇಳ. ನಾ ಆಡಾಕ ಬರಾಕತ್ತೇನಿ, ಅಳಿಯತನ ಮಾಡಾಕಲ್ಲ. ಉಳಿದವ್ರ ಜೋಡಿ ಹೆಂಗ ಜಗಳಾಡ್ತಾನ, ನನ್ನ ಜೋಡಿನೂ ಹಂಗ ಆಡ್ಲಿ."

"ನಿಮಗ ತಲಿ ಕೆಟ್ಟೈತೇನ್ರಿ?" ಎಂದಳು ಪುಷ್ಪಲತಾ. "ಮರ್ಯಾದಿ ಕೊಟ್ರ ಬ್ಯಾಡ ಅಂತಾರೇನು ಯಾರರ? ಉಳಿದ ಅಳಿಯಂದ್ರು ಮರ್ಯಾದಿ ಕಡಿಮಿ ಆತಂತ ಸಿಟ್ಟಾಗಿ ಹೋಗ್ತಾರ, ನಿಮ್ಮದ ಬ್ಯಾರೆನ ಕಥಿ."

ಅವಳು ತಮ್ಮನಿಗೆ ಫೋನು ಮಾಡಿದಳು, ನಿಜ. ಆದರೆ ಹೇಳಿದ್ದು ಬೇರೆ: "ನಿಮ್ಮ ಮಾವಾರು ಆಡಾಕ ಬರಾಕತ್ಯಾರ. ನಾಲ್ಕ ಮಂದಿ ಮುಂದ ಚಂದಂಗ ನೋಡ್ಕೋಬೇಕ ನೋಡು." ಮತ್ತು ಅಡುಗೆಗೆ ಕೈಜೋಡಿಸಲು ಒಂದು ದಿನ ಮೊದಲೇ ತವರಿಗೆ ಹೊರಟುಹೋದಳು.

ರವಿವಾರ ನಸುಕಿನಲ್ಲಿ ಕ್ರೂಸರ್ ಹೊರಟಿತು. ಮೋಟೆಬೆನ್ನೂರು ದಾಟಿ ಹೈವೇ ಹತ್ತಿ, ರಾಣೇಬೆನ್ನೂರಿನಲ್ಲಿ ಬಿಸಿ ಮಿರ್ಚಿ ತಿಂದು, ಬಿಸಿಲು ಏರುವುದರೊಳಗೆ ಮೇಡ್ಲೇರಿ ಮುಟ್ಟಿದರು. ದಾರಿಯುದ್ದಕ್ಕೂ ಪ್ರಭುಲಿಂಗಪ್ಪ ಮನಸ್ಸಿನಲ್ಲಿ ಒಂದೇ ದೃಶ್ಯ ಕಟ್ಟುತ್ತಿದ್ದ: ತಾನು ಚಿಣಿ ಹೊಡೆಯುತ್ತೇನೆ, ಕೇಳುತ್ತೇನೆ, ರುದ್ರಮುನಿ ಎದೆ ಸೆಟೆಸಿ "ಅಳೀರಿ" ಎನ್ನುತ್ತಾನೆ. ಇಷ್ಟಾದರೆ ಸಾಕು. ಗೆಲ್ಲುವುದು ಸೋಲುವುದು ಆಮೇಲಿನ ಮಾತು.

ಹೊಲದಲ್ಲಿ ಮೆಕ್ಕೆಜೋಳ ಕಟಾವಾಗಿ ನೆಲ ಬೋಳಾಗಿತ್ತು. ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಮೇವಿನ ಬಣವೆ, ಮೂಲೆಯಲ್ಲಿ ದೊಡ್ಡ ಬೇವಿನ ಮರ. ಮರದ ಕೆಳಗೆ ಹೆಂಗಸರು ಒಲೆ ಹೂಡಿ ಅಡುಗೆ ಹಚ್ಚಿದ್ದರು. ರುದ್ರಮುನಿ ಈ ನೆಲದ ಕಾನೂನು ಹೇಳಿದ: ಚಿಣಿ ಕಾಲುವೆಗೆ ಬಿದ್ದರೆ ಔಟ್, ಬಣವೆಯಲ್ಲಿ ಹೊಕ್ಕರೆ ಹುಡುಕಿಕೊಡುವುದು ಹೊಡೆದವನ ಹಣೆಬರಹ.

ತಂಡದವರನ್ನೆಲ್ಲ ಬದುವಿನ ಮೇಲೆ ಸಾಲಾಗಿ ಕೂಡಿಸಿ ಪೇಪರ್ ಪ್ಲೇಟಿನಲ್ಲಿ ಉಪ್ಪಿಟ್ಟು ಕೊಟ್ಟರು. ಪ್ರಭುಲಿಂಗಪ್ಪನೂ ಅವರ ಸಾಲಿನಲ್ಲಿ ಕೂಡಲು ಹೋದ. ಅಷ್ಟರಲ್ಲಿ ಇಬ್ಬರು ಓಡಿ ಬಂದು ಅವನನ್ನು ಮಧ್ಯದಲ್ಲೇ ಎತ್ತಿಕೊಂಡಂತೆ ಹಿಡಿದು, ಕುಶನ್ ಹಾಕಿದ ಕುರ್ಚಿಗೆ ಕೂಡಿಸಿದರು. ಸ್ಟೀಲ್ ತಾಟು, ಮೇಲೆ ತುಪ್ಪ, ಹೆಗಲಿಗೊಂದು ಶಾಲು, ಕೊರಳಿಗೊಂದು ಮಾಲೆ. ಒಬ್ಬ ಕೊಡೆ ಹಿಡಿದು ನಿಂತ.

ಬದುವಿನ ಮೇಲಿಂದ ಅಶ್ಫಾಕ ಕೂಗಿದ, "ಪ್ರಭಣ್ಣ, ಎಲೆಕ್ಷನ್‌ಗೆ ನಿಂತೀಯೇನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರಭುಲಿಂಗಪ್ಪ ತಾಟು ಕೆಳಗಿಟ್ಟು ಬೇವಿನ ಮರದ ಕಡೆ ನೋಡಿದ. ಅತ್ತೆ ಇವನತ್ತ ಬೆನ್ನು ಮಾಡಿ, ಸೆರಗು ಹಣೆಯವರೆಗೆ ಎಳೆದುಕೊಂಡು ಬದನೇಕಾಯಿ ಸೀಳುತ್ತಿದ್ದಳು.

ಆಟ ಶುರುವಾಯಿತು. ಮೊದಲು ಮೇಡ್ಲೇರಿಯವರು ಆಡಿದರು. ಸ್ವಂತ ನೆಲ, ಪ್ರತಿಯೊಂದು ಹೆಂಟೆಯ ಗುರುತು ಗೊತ್ತು. ಏಳುನೂರಕ್ಕೆ ಒಂದಿಷ್ಟು ಕಡಿಮೆ ಗಳಿಸಿ ಬಿಟ್ಟರು. ಬ್ಯಾಡಗಿಯವರ ಪಾಳಿ ಬಂದಾಗ ಲಕ್ಕಪ್ಪ ಮೊದಲ ಹೊಡೆತಕ್ಕೇ ಚಿಣಿಯನ್ನು ಕಾಲುವೆಗೆ ಅರ್ಪಿಸಿದ. ಅಶ್ಫಾಕ ಚೆನ್ನಾಗಿಯೇ ಬಾರಿಸಿದ, ಆದರೆ ರುದ್ರಮುನಿ ಓಡಿ ಹೋಗಿ ಒಂದೇ ಕೈಯಲ್ಲಿ ಹಿಡಿದ. ಒಬ್ಬ ನೆಲ ಏರುಪೇರು ಎಂದ, ಇನ್ನೊಬ್ಬ ಗಾಳಿ ಉಲ್ಟಾ ಎಂದ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವುದು ಬ್ಯಾಡಗಿಯವರಿಗೂ ಅನ್ವಯಿಸುತ್ತದೆ. ಒಬ್ಬೊಬ್ಬರೇ ಮುಖ ಇಳಿಸಿಕೊಂಡು ಬದುವಿಗೆ ಬಂದು ಕೂತರು. ಕೊನೆಗೆ ಉಳಿದವನು ಪ್ರಭುಲಿಂಗಪ್ಪ ಒಬ್ಬನೇ.

ಅವನ ಮೊದಲ ಹೊಡೆತ ಸೀದಾ ರುದ್ರಮುನಿಯ ಎದೆಗೆ ಹೋಯಿತು. ಒಂದು ಕೈಯಲ್ಲಿ ಹಿಡಿಯುವ ಗಂಡು ಎರಡೂ ಕೈ ಹಿಂದೆ ಕಟ್ಟಿಕೊಂಡ. ಚಿಣಿ ಅವನ ಎದೆಗೆ ಬಡಿದು ಕೆಳಗೆ ಬಿತ್ತು. ಎದೆ ತಿಕ್ಕಿಕೊಳ್ಳುತ್ತ, "ಭಾರೀ ಹೊಡದ್ರಿ ಮಾವಾರ" ಎಂದ.

"ಯಾಕ ಹಿಡೀಲಿಲ್ಲೋ?" ಎಂದ ಪ್ರಭುಲಿಂಗಪ್ಪ.

"ಬಿಸಲ ಕಣ್ಣಿಗೆ ಬಿತ್ರಿ. ಎಷ್ಟ ಕೇಳ್ತೀರಿ ಕೇಳ್ರಿ."

ಅಲ್ಲಿಗೆ ಮೂವತ್ತು ಫಣಿ ಇರಬಹುದು. ಇವನು ಜಗಳ ಬರಲೆಂದು ಐವತ್ತು ಕೇಳಿದ. ರುದ್ರಮುನಿ ಕಣ್ಣೆತ್ತಿಯೂ ನೋಡದೆ "ಕೊಟ್ವಿ" ಎಂದ.

ಬದುವಿನ ಮೇಲೆ ಅಶ್ಫಾಕ ಎದ್ದು ನಿಂತ. ವ್ಯಾಪಾರಸ್ಥನ ಮೂಗು, ವಾಸನೆ ಹಿಡಿಯಲು ಎಷ್ಟು ಹೊತ್ತು ಬೇಕು? ಮುಂದಿನ ಹೊಡೆತಕ್ಕೂ ಹಾಗೇ ಆಯಿತು. ಮೂರನೆಯದಕ್ಕೂ. ಪ್ರಭುಲಿಂಗಪ್ಪ ಬೇಕೆಂದೇ ಚಿಣಿ ಎಗರಿಸಿ ಮೂರು ಸಲ ಗಾಳಿಗೆ ಬೀಸಿದ, ಅದೂ ಔಟೇ. "ಕಣ್ಣಾಗ ಧೂಳ ಬಿತ್ತು, ಅದ ಲೆಕ್ಕಕ್ಕಿಲ್ಲ" ಎಂದು ಮೇಡ್ಲೇರಿಯವರೇ ತೀರ್ಪು ಕೊಟ್ಟರು. ಅಶ್ಫಾಕ ಲಕ್ಕಪ್ಪನ ತೊಡೆಗೆ ಹೊಡೆದು ಹೇಳಿದ, "ಇವರು ಅಳಿಯನ ಮಾತ ಅಳೆಯೂದಿಲ್ಲಲೇ! ನಮ್ಮ ಹುಕುಮ್ ಎಕ್ಕಾ ಕೈಯಾಗ ಇತ್ತು, ಗೊತ್ತ ಇರಲಿಲ್ಲ ನೋಡು!" ಆಮೇಲೆ ಬಾಯಿಗೆ ಎರಡೂ ಕೈ ಹಚ್ಚಿ ಕೂಗಿದ, "ಪ್ರಭಣ್ಣ, ಕೇಳು! ನಾಚಗೋಬ್ಯಾಡ, ಕೇಳು!"

ಪ್ರಭುಲಿಂಗಪ್ಪನಿಗೆ ಬಿಸಿತುಪ್ಪ ಬಾಯಿಗೆ ಬಂದಂತಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಅತ್ತ ತನ್ನ ತಂಡ. ಮೂರು ಸಲ ಸೋತವರು, ಮೊದಲ ಸಲ ಅವನ ಹೆಸರು ಹಿಡಿದು ಕುಣಿಯುತ್ತಿದ್ದಾರೆ. ಇತ್ತ ಹೆಂಡತಿಯ ತವರು. ಸೋತರೂ ಸರಿ, ಅಳಿಯನ ಮಾತು ಮುರಿಯಬಾರದೆಂದು ಹಲ್ಲು ಕಚ್ಚಿ ಕೊಡುತ್ತಿದ್ದಾರೆ. ನಡುವೆ ನಿಂತ ಅವನು ಕೇಳುತ್ತ ಹೋದ, ಅವರು ಕೊಡುತ್ತ ಹೋದರು. ಪಂಚಾಯಿತಿಯಲ್ಲಿ ಒಂದು ನಲ್ಲಿಗಾಗಿ ಇಡೀ ದಿನ ಜಗಳಾಡುವ ರುದ್ರಮುನಿ ನೂರು ಫಣಿಯನ್ನು ವೀಳ್ಯದೆಲೆಯ ಹಾಗೆ ಕೊಟ್ಟುಬಿಡುತ್ತಿದ್ದ. ಅವನ ಹುಡುಗರು ಮಾತ್ರ ಕಾಲಿನಿಂದ ಹೆಂಟೆ ಒದೆಯುತ್ತ, ತಲೆ ತಗ್ಗಿಸಿ ನಿಂತಿದ್ದರು. ಆಟಗಾರರಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಹೀಗೆ ಬ್ಯಾಡಗಿಯ ಲೆಕ್ಕ ಮೇಡ್ಲೇರಿಯ ಕಾಲು ಮುಟ್ಟುವಷ್ಟು ಬಂತು. ಇನ್ನು ಅರವತ್ತು ಫಣಿ ಸಿಕ್ಕರೆ ಚೊಂಬು ಬ್ಯಾಡಗಿಯದು. ಪ್ರಭುಲಿಂಗಪ್ಪ ಚಿಣಿ ಎಗರಿಸಿದ. ಈ ಸಲ ಸಿಟ್ಟು ಬಂದಿತ್ತೋ ದುಃಖ ಬಂದಿತ್ತೋ, ಫಣಿ ಸರಿಯಾಗಿ ಕೂತಿತು. ಚಿಣಿ ಸುಂಯ್ ಎಂದು ಎಲ್ಲರ ತಲೆ ಮೇಲೆ ಹಾರಿ ಬೇವಿನ ಮರದ ನೆರಳಿನಂಚಿಗೆ ಬಿತ್ತು. ಅವತ್ತಿನ ಆಟದಲ್ಲಿ ಅವನು ನ್ಯಾಯವಾಗಿ ಹೊಡೆದ ಒಂದೇ ಒಂದು ಹೊಡೆತ. ಎಪ್ಪತ್ತೈದಕ್ಕೆ ಕಡಿಮೆಯಿಲ್ಲ ಎಂದು ಕಣ್ಣು ಹೇಳಿತು. ಎಪ್ಪತ್ತು ಕೇಳಿದರೂ ಗೆದ್ದಂತೆಯೇ. ಅಳೆದರೂ ಗೆದ್ದಂತೆಯೇ.

ಬದುವಿನ ಮೇಲೆ ಬ್ಯಾಡಗಿಯವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಲಕ್ಕಪ್ಪ ಆಗಲೇ ಟವೆಲ್ಲು ಬೀಸುತ್ತಿದ್ದ.

ಪ್ರಭುಲಿಂಗಪ್ಪ ಒಮ್ಮೆ ಅವರನ್ನು ನೋಡಿದ, ಒಮ್ಮೆ ರುದ್ರಮುನಿಯನ್ನು ನೋಡಿದ. ಗೆದ್ದರೆ ಏನಾಗುತ್ತದೆ ಎನ್ನುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಇನ್ನೊಂದು ಶಾಲು, ಇನ್ನೊಂದು ಮಾಲೆ, ಬಾಗಿಲ ಮರೆಯಿಂದ ಇನ್ನೊಂದು ಪಿಸುಮಾತು. ಈ ಹೊಲದಿಂದ ಇವತ್ತು ಹೀಗೇ ಹೋದರೆ ಇನ್ನು ಸಾಯುವವರೆಗೂ ತಾನು ಇಲ್ಲಿ ನೆಂಟನೇ. ತಂಡಕ್ಕೆ ದ್ರೋಹ ಬಗೆದಂತಾಗುತ್ತದೆ ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಅವನ ಬಾಯಿ ತೆರೆಯಿತು.

"ಮುನ್ನೂರು" ಎಂದ.

ಮುನ್ನೂರು ಫಣಿ ಎಂದರೆ ಕಾಲುವೆ ದಾಟಿ ಪಕ್ಕದವರ ಹೊಲ.

"ಪ್ರಭಣ್ಣಾ!" ಅಶ್ಫಾಕ ಕಿರುಚಿದ. "ಎಪ್ಪತ್ತ ಸಾಕೋ ಮಾರಾಯಾ! ಎಪ್ಪತ್ತ ಕೇಳು!"

"ಮುನ್ನೂರು ಫಣಿ" ಎಂದು ಪ್ರಭುಲಿಂಗಪ್ಪ ಮತ್ತೆ ಹೇಳಿದ. ಹೇಳುತ್ತ ರುದ್ರಮುನಿಯ ಮುಖವನ್ನೇ ನೋಡುತ್ತಿದ್ದ. ಅನ್ನು, ಅಳೀರಿ ಅನ್ನು, ಒಂದು ಸಲ ಅನ್ನು ಎಂದು ಅವನ ಕಣ್ಣು ಬೇಡುತ್ತಿತ್ತು.

ರುದ್ರಮುನಿ ಚಿಣಿಯನ್ನು ನೋಡಿದ, ತೆಗ್ಗು ನೋಡಿದ, ತನ್ನ ಹುಡುಗರನ್ನು ನೋಡಿದ. ಅಕ್ಕನ ಫೋನು ನೆನಪಾಗಿರಬೇಕು.

"ಕೊ... ಕೊಟ್ವಿ ಬಿಡ್ರಿ ಮಾವಾರ" ಎಂದ.

ಪ್ರಭುಲಿಂಗಪ್ಪನ ಕೈಯಿಂದ ಫಣಿ ಜಾರಿ ಕೆಳಗೆ ಬಿತ್ತು. ಅವನು ಗೆದ್ದಿದ್ದ. ಬ್ಯಾಡಗಿಯವರು ಕುಣಿಯುತ್ತ ಹೊಲಕ್ಕೆ ಇಳಿದರು. ಅವನಿಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು.

"ಏನ್ ಕೊಟ್ಟೀಯೋ?"

ಧ್ವನಿ ಬಂದದ್ದು ಬೇವಿನ ಮರದ ಕೆಳಗಿನಿಂದ. ಎತ್ತು ಬೆದರಿಸುವ ಧ್ವನಿ. ಕುಣಿಯುತ್ತಿದ್ದವರ ಕಾಲು ನಿಂತವು. ಫಕ್ಕೀರವ್ವ ಈಳಿಗೆ ಬದಿಗಿಟ್ಟು ಎದ್ದಿದ್ದಳು. ಚಿಣಿ ಬಂದು ಬಿದ್ದದ್ದು ಅವಳಿಂದ ಮಾರು ದೂರದಲ್ಲಿ. ಅಲ್ಲಿಂದ ತೆಗ್ಗು ಎಷ್ಟು ದೂರ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಣ್ಣತಮ್ಮಂದಿರ ನಡುವೆ ಬೆಳೆದ ಹೆಣ್ಣುಮಗಳು, ಈ ಆಟ ಆಡಿಯೇ ದೊಡ್ಡವಳಾದವಳು. ಬೆಳಿಗ್ಗೆಯಿಂದ ಬೆನ್ನು ಮಾಡಿ ಕೂತಿದ್ದರೂ ಕಿವಿ ಆಟದ ಕಡೆಗೇ ಇತ್ತು. ಐವತ್ತು ಕೇಳಿದ್ದನ್ನು ಸಹಿಸಿದ್ದಳು, ನೂರು ಸಹಿಸಿದ್ದಳು. ಮುನ್ನೂರು ಅವಳ ತಾಳ್ಮೆಯ ಬದು ಒಡೆಯಿತು.

"ಯವ್ವಾ, ನೀ ಸುಮ್ನಿರ. ಅಳಿಯಂದ್ರು ಕೇಳ್ಯಾರ..." ರುದ್ರಮುನಿ ಓಡಿ ಬಂದ.

"ಅಳಿಯ ಕೇಳಿದ್ರ ಹೋಳಿಗಿ ಕೊಡು, ತುಪ್ಪಾ ಕೊಡು. ಆಟದಾಗ ಕೊಡಾಕ ಅದೇನ ನಿಮ್ಮಪ್ಪನ ಗಂಟೇನೋ? ತಾ ಇಲ್ಲಿ ಫಣಿ!"

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎಪ್ಪತ್ತು ದಾಟಿದ ಮುದುಕಿ ಚಿಣಿಯ ಹತ್ತಿರ ಬಗ್ಗಿ ನೆಲಕ್ಕೆ ಫಣಿ ಇಟ್ಟು ಅಳೆಯತೊಡಗಿದಳು. ಜೋರಾಗಿ ಎಣಿಸುತ್ತ, ಬಗ್ಗಿದ ನಡು ನೆಟ್ಟಗೆ ಮಾಡದೆ, ಇಡೀ ಹೊಲ ದಾಟಿ ಬಂದಳು. ಹಿಡಿದುಕೊಳ್ಳಲು ಹೋದ ಮಗನ ಕೈಗೆ ಫಣಿಯಿಂದ ಒಂದು ಕೊಟ್ಟಳು. ಬ್ಯಾಡಗಿಯವರು, ಮೇಡ್ಲೇರಿಯವರು ಸೇರಿ ಅವಳ ಹಿಂದೆ ದಿಬ್ಬಣದ ಹಾಗೆ ನಡೆದರು. ಪುಷ್ಪಲತಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ತೆಗ್ಗಿನ ಹತ್ತಿರ ಪ್ರಭುಲಿಂಗಪ್ಪ ಉಸಿರು ಬಿಡುವುದನ್ನೂ ಮರೆತಿದ್ದ.

ಕೊನೆಯ ಫಣಿ ತೆಗ್ಗಿಗೆ ತಾಗಿತು. ಫಕ್ಕೀರವ್ವ ನೆಟ್ಟಗಾದಳು. ಎದುರಿಗೆ ಅಳಿಯ.

"ಎಪ್ಪತ್ತೆಂಟು!" ಎಂದಳು. "ಮುನ್ನೂರ ಅಂತ ಒದರಿದಾಂವ ನೀನ ಅಲ್ಲೇನು? ಕಣ್ಣ ಅದಾವೋ ಇಲ್ಲೋ ನಿನಗ? ತಲಿ ಬೆಳ್ಳಗಾಗೇತಿ, ಆಟದಾಗ ಸುಳ್ಳ ಹೇಳಾಕ ಒಂದ ಚೂರರ ನಾಚಿಕಿ ಬ್ಯಾಡೇನು? ಎಪ್ಪತ್ತ ಕೇಳಿದ್ರ ಮರ್ಯಾದಿಲೆ ಗೆದ್ದ ಹೋಗ್ತಿದ್ದಿ, ಹುಚ್ಚ ಖೋಡಿ! ನಮ್ಮ ಹೊಲದಾಗ ನಿಂತು, ನನ್ನ ಮುಂದ, ಮುನ್ನೂರಂತ ಮುನ್ನೂರ! ಚಿಕ್ಕಂದಿನಾಗ ಯಾರರ ಒಂದ ಸಲ ಕಪಾಳಕ್ಕ ಕೊಟ್ಟಿದ್ರ ಹಿಂಗ ಆಗ್ತಿದ್ದಿಲ್ಲ ನೀನು!"

"ಇಲ್ರಿ ಅತ್ತಿ" ಎಂದ ಪ್ರಭುಲಿಂಗಪ್ಪ. ಅವನ ಧ್ವನಿ ಅವನಿಗೇ ಕೇಳಿಸಲಿಲ್ಲ. "ಯಾರೂ ಕೊಡಲಿಲ್ರಿ."

ಫಕ್ಕೀರವ್ವ ತಲೆ ಎತ್ತಿ ಅವನನ್ನು ನೋಡಿದಳು. ಅಳಿಯ ತಾಯಿಲ್ಲದವನು ಎಂಬುದು ಅವಳಿಗೆ ಗೊತ್ತಿರದ್ದಲ್ಲ. ಹೆಣ್ಣು ಕೊಡುವಾಗ ಅದನ್ನೇ ಹೇಳಿ ಮರುಗಿದ್ದಳು. ಅವನ ಮುಖವನ್ನು ಇಷ್ಟು ಹತ್ತಿರದಿಂದ ಅವಳು ನೋಡಿದ್ದು ಇದೇ ಮೊದಲು. ಮಗ "ಯವ್ವಾ, ಸೆರಗ, ಸೆರಗ" ಎಂದು ಪಿಸುಗುಟ್ಟುತ್ತಿದ್ದ. ಅವಳು ಸೆರಗಿಗೆ ಕೈ ಒಯ್ದಳು, ಯಾಕೋ ಹೊದೆಯಲಿಲ್ಲ, ಹಾಗೇ ಕೈ ಇಳಿಸಿದಳು. ಅಳಿಯನ ಕಣ್ಣು ತುಂಬಿದ್ದವು. ತುಟಿ ಮಾತ್ರ ಕಿವಿಯವರೆಗೆ ನಗುತ್ತಿತ್ತು.

"ಅದಕ್ಕ ಹಿಂಗಾಗೀದಿ" ಎಂದಳು ಕೊನೆಗೆ. ಧ್ವನಿ ತಗ್ಗಿರಲಿಲ್ಲ. "ಏನ್ ಹಲ್ಲ ಕಿಸಿತಿ? ನಡಿ ಹೊರಗ. ಔಟ್ ಆದಾಂವ ನಡುವ ನಿಂತ್ರ ಆಟ ಹೆಂಗ ಸಾಗ್ತದ?"

ಕೇಳಿದ್ದು ಮುನ್ನೂರು, ಬಂದದ್ದು ಎಪ್ಪತ್ತೆಂಟು. ಗಳಿಸಿದ್ದೆಲ್ಲ ಹೋಯಿತು, ಚೊಂಬು ಮೇಡ್ಲೇರಿಯಲ್ಲೇ ಉಳಿಯಿತು. ರುದ್ರಮುನಿಯ ಹುಡುಗರು ಬೆಳಿಗ್ಗೆಯಿಂದ ಕಟ್ಟಿಟ್ಟ ಕೂಗನ್ನೆಲ್ಲ ಒಮ್ಮೆಗೇ ಬಿಟ್ಟರು. ಲಕ್ಕಪ್ಪ ತಲೆಗೆ ಕೈ ಹಚ್ಚಿ ಬದುವಿನ ಮೇಲೆ ಕುಸಿದ. ಅಶ್ಫಾಕ ಸಿಟ್ಟಿನಿಂದ ನಾಲ್ಕು ಹೆಜ್ಜೆ ಬಂದವನು ಗೆಳೆಯನ ಮುಖ ನೋಡಿ ನಿಂತ.

"ಯಾಕಲೇ ಹಿಂಗ ಮಾಡ್ದಿ?" ಎಂದ.

"ತಪ್ಪಾತೋ. ಬೈ ನೀನೂ ಬೈ" ಎಂದ ಪ್ರಭುಲಿಂಗಪ್ಪ.

"ನಿಮ್ಮತ್ತಿ ಬೈದ ಮ್ಯಾಲ ನಾ ಏನ್ ಬೈಲಿ? ಏನೂ ಉಳಿಸಿಲ್ಲ ಆಕಿ" ಎಂದು ಅಶ್ಫಾಕ ನಕ್ಕುಬಿಟ್ಟ.

ಕುಶನ್ ಹಾಕಿದ ಕುರ್ಚಿ ಬಿಸಿಲಲ್ಲಿ ಖಾಲಿ ಇತ್ತು. ಪ್ರಭುಲಿಂಗಪ್ಪ ಅದನ್ನು ದಾಟಿ, ಬೇವಿನ ಮರದ ಕೆಳಗೆ ಹೋಗಿ ಹೆಂಗಸರಿಂದ ಸ್ವಲ್ಪ ದೂರ ಬರಿ ನೆಲದ ಮೇಲೆ ಕೂತ. ಬಂದ ಕೆಲಸ ಮುಗಿದಿತ್ತು, ಇನ್ನೇನು ಮಾಡಬೇಕೆಂದು ತಿಳಿಯಲಿಲ್ಲ. ಫಕ್ಕೀರವ್ವ ನಡು ಹಿಡಿದುಕೊಳ್ಳುತ್ತ ಬಂದು ತನ್ನ ಜಾಗದಲ್ಲಿ ಕೂತಳು. ಆಮೇಲೆ ಅವಳು ಒಂದು ಬುಟ್ಟಿಯನ್ನು ಕಾಲಿನಿಂದ ಅವನ ಕಡೆ ನೂಕಿದಳು. ಅದರ ತುಂಬ ಬೆಳ್ಳುಳ್ಳಿ.

"ಸುಮ್ನ ಕುಂದರಬ್ಯಾಡ, ಸುಲಿ. ಇಷ್ಟ ಮಂದಿಗೆ ಪಲ್ಯ ಆಗಬೇಕು."

"ಅವ್ವಾ!" ಪುಷ್ಪಲತಾ ಗಾಬರಿಯಾದಳು. "ಅವರ ಕೈಲೆ ಬೆಳ್ಳುಳ್ಳಿ ಸುಲಸ್ತೀಯೇನು? ಮಂದಿ ಏನ್ ಅಂದಾರು?"

"ನೀ ರೊಟ್ಟಿ ಬಡಿ. ಮಂದಿಗೆ ಊಟಕ್ಕ ತಡ ಆದ್ರ ಅವಾಗ ಅಂತಾರ."

ಪ್ರಭುಲಿಂಗಪ್ಪ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡ. ಬೆಳ್ಳುಳ್ಳಿ ಸುಲಿದು ಅಭ್ಯಾಸವಿಲ್ಲದ ಉಗುರು ಉರಿಯತೊಡಗಿತು. ಹೊಲದಲ್ಲಿ ಎರಡೂ ಊರಿನವರು ಇನ್ನೊಂದು ಆಟ ಹೂಡಿದ್ದರು, ಈ ಸಲ ಸುಮ್ಮನೆ, ಕಲಬೆರಕೆ ತಂಡ ಮಾಡಿಕೊಂಡು. "ಅಳೀಲೇ!" ಎಂದು ರುದ್ರಮುನಿ ಅಶ್ಫಾಕನ ಮೇಲೆ ಏರಿ ಹೋಗುತ್ತಿದ್ದದ್ದು ಕೇಳಿಸುತ್ತಿತ್ತು. ಅವನು ಆ ಕಡೆ ನೋಡಲಿಲ್ಲ. ಒಂದೊಂದೇ ಎಸಳು ಸುಲಿದು ತಾಟಿಗೆ ಹಾಕುತ್ತ, ಯಾವ ಮನೆಗೂ ಸಲ್ಲದವನಂತೆ ಬದುಕಿದ್ದ ಐವತ್ತು ವರ್ಷಗಳು ಎಲ್ಲಿ ಹೋದವು ಎಂದು ಬೆರಗಾಗುತ್ತಿದ್ದ. ಹೊಳೆಯ ಕಡೆಯಿಂದ ಗಾಳಿ ಬೀಸಿತು.

"ಏಯ್" ಎಂದಳು ಫಕ್ಕೀರವ್ವ, ತಲೆ ಎತ್ತದೆ. "ಸಿಪ್ಪಿ ಎಲ್ಲಾ ಹಿಟ್ಟಿನಾಗ ಬಂದ ಬೀಳಾಕತ್ತಾವ. ಗಾಳಿ ನೋಡಿ ತಿರುಗಿ ಕುಂದರಾಕೂ ಬರೂದಿಲ್ಲೇನ ನಿನಗ?"

ಪ್ರಭುಲಿಂಗಪ್ಪ ಬುಟ್ಟಿ ಎತ್ತಿಕೊಂಡು ತಿರುಗಿ ಕೂತ.